ಕೋಸಿನ ಪಾತಿಯ ಹುಳಗಳು

ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೇ ಬಂದದ್ದಲ್ಲ. ಶಿರಾಕ್ಕೆ ಹೋದ ಮೊದಲ ವರ್ಷ ಬೇರೆ ಕೆಲಸವೇ ಇರಲಿಲ್ಲ. ಮಹಾರಾಜರ ಸರ್ಕಾರ ನನ್ನನ್ನು ಅಲ್ಲಿಯ ಆಸ್ಪತ್ರೆಗೆ ಹೆರಿಗೆ ಮಾಡಿಸುವ ನರ್ಸಾಗಿ ಕಳಿಸಿತ್ತು. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ, ಕೈಪೆಟ್ಟಿಗೆಯಲ್ಲಿ ಕತ್ತರಿ, ದಾರ, ಸೋಪು, ಸ್ಪಿರಿಟ್ ದೀಪ ಎಲ್ಲ ಜೋಡಿಸಿಕೊಂಡು ಬಂದಿದ್ದೆ. ಆದರೆ ಕರೆಯುವವರೇ ಇಲ್ಲ. ಒಂದೊಂದು ಬೀದಿಗೂ ಅದರದೇ ಸೂಲಗಿತ್ತಿ ಇದ್ದಳು. ಜೊತೆಗೆ ನಾನು ಗಂಡ ಸತ್ತವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವನು ವಿಷಮಶೀತ ಜ್ವರದಲ್ಲಿ ಹೋಗಿಬಿಟ್ಟಿದ್ದ. ಅಂಥವಳ ಕೈಗೆ ಮೊದಲ ಕೂಸನ್ನು ಯಾರು ಕೊಡುತ್ತಾರೆ? ಯಾರೂ ಎದುರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಕಾಯ್ತಾ ಇರಮ್ಮ, ಬರ್ತಾರೆ" ಎನ್ನುತ್ತಿದ್ದರು ಆಸ್ಪತ್ರೆಯ ಡಾಕ್ಟರು. ಕಾಯುವುದೆಂದರೆ ಹೇಗೆ ಎಂದು ಅವರು ಹೇಳಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಸುತ್ತಿದ್ದೆ, ಮುದ್ದೆ ತಿರುವುತ್ತಿದ್ದೆ, ಕತ್ತರಿಯನ್ನು ಮತ್ತೊಮ್ಮೆ ಕುದಿಸುತ್ತಿದ್ದೆ. ಬಾಗಿಲ ಬಳಿ ಯಾರ ಕಾಲಸಪ್ಪಳ ಕೇಳಿದರೂ ಎದ್ದು ನಿಲ್ಲುತ್ತಿದ್ದೆ. ಆಸ್ಪತ್ರೆಯ ಹಿಂದೆ ನನಗೆ ಕೊಟ್ಟಿದ್ದ ಮನೆಗೆ ಒಂದು ಹಿತ್ತಲಿತ್ತು, ಒಂದು ಬಾವಿ ಇತ್ತು. ಗಾರೆಯ ಚೂರು, ಹೆಂಚಿನ ಚೂರು ತುಂಬಿದ ಒರಟು ನೆಲ. ಒಂದು ದಿನ ತಡೆಯಲಾರದೆ ಹಾರೆ ತೆಗೆದುಕೊಂಡು ಅಗೆಯಲು ಶುರುಮಾಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಡಾಕ್ಟರ ಹೆಂಡತಿ ಎಲೆಕೋಸಿನ ಸಸಿ ಕೊಟ್ಟರು. ಅವರಿಗೆ ಬೆಂಗಳೂರಿಂದ ಬೀಜ ಬರುತ್ತಿತ್ತು. ಬದನೆ, ಅವರೆ, ಹೀರೆ ಎಲ್ಲರ ಹಿತ್ತಲಲ್ಲೂ ಇದ್ದವು, ಕೋಸು ಆ ಬೀದಿಗೆ ಹೊಸದು. ದೀಪಾವಳಿ ಕಳೆದು ಬೆಳಗಿನ ಹೊತ್ತು ಇಬ್ಬನಿ ಬೀಳುವ ಕಾಲಕ್ಕೆ ಸಸಿಗಳು ಅಂಗೈಯಗಲ ಎಲೆ ಬಿಟ್ಟವು. ನೀರು ಹಾಕಿದರೆ ಎಲೆಯ ಮೇಲೆ ನಿಲ್ಲದೆ ಪಾದರಸದ ಹಾಗೆ ಉರುಳಿ ಹೋಗುತ್ತಿತ್ತು. ಕೆಲಸವಿಲ್ಲದವಳಿಗೆ ಅದನ್ನು ನೋಡುವುದೂ ಒಂದು ಕೆಲಸವೇ.

ಹುಳ ಬಿದ್ದದ್ದು ಆಗಲೇ. ಮೊದಲು ಸಂಜೆ ಹೊತ್ತಿಗೆ ಗಿಡದ ಸುತ್ತ ಬೂದು ಬಣ್ಣದ ಪುಟ್ಟ ಪತಂಗಗಳು ಹಾರಾಡಿದವು. ಬೆನ್ನಿನ ಮೇಲೆ ಬಿಳಿಯ ಗುರುತು, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೆಲವು ದಿನ ಕಳೆದ ಮೇಲೆ ಎಲೆಯಲ್ಲಿ ಅಲ್ಲಲ್ಲಿ ಬೆಳಕು ಕಾಣತೊಡಗಿತು. ತೂತಲ್ಲ. ಕೆಳಗಿನಿಂದ ಹಸಿರನ್ನೆಲ್ಲ ಕೆರೆದು ತಿಂದು ಮೇಲಿನ ತೆಳು ಸಿಪ್ಪೆಯನ್ನಷ್ಟೇ ಬಿಟ್ಟಿದ್ದವು. ಎಲೆ ಮಗುಚಿ ನೋಡಿದರೆ ಎಲೆಯ ಬಣ್ಣದ್ದೇ ಸಣ್ಣ ಹುಳಗಳು. ಮುಟ್ಟಿದರೆ ಸರಸರನೆ ಹಿಂದಕ್ಕೆ ಜಾರಿ, ನೂಲು ಬಿಟ್ಟು ಎಲೆಯಿಂದ ಜೋತುಬೀಳುತ್ತಿದ್ದವು. ಕೈ ತೆಗೆದರೆ ಅದೇ ನೂಲು ಹಿಡಿದು ಮೇಲೇರುತ್ತಿದ್ದವು.

ಕೊಲ್ಲಲು ನನಗೆ ಕೈ ಬರಲಿಲ್ಲ. ಕೊಡಿಗೇನಹಳ್ಳಿಯ ನಮ್ಮ ಮನೆಯಲ್ಲಿ ಇರುವೆ ಸಾಲಿನ ಮೇಲೆ ಬಿಸಿನೀರು ಚೆಲ್ಲಿದರೂ ಅವ್ವ ಬೈಯುತ್ತಿದ್ದಳು. ನಾನು ಮನೆ ಬಿಡುವಾಗ ಅವಳು ಹೇಳಿದ್ದು ಎರಡೇ ಮಾತು: "ಎಲ್ಲಿದ್ರೂ ಪೂಜೆ ಬುಡಬ್ಯಾಡ. ಜೀವ ತೆಗೀಬ್ಯಾಡ." ಹಾಗಾಗಿ ಒಂದು ಮಡಕೆ ಹಿಡಿದು ಕೂತು, ಬೇವಿನ ಕಡ್ಡಿಯಿಂದ ಹುಳಗಳನ್ನು ಬಿಡಿಸಿ ಬಿಡಿಸಿ ತುಂಬಿದೆ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಕೆರೆ ಏರಿಯ ಕಡೆ ನಡೆದು, ಎಕ್ಕದ ಪೊದೆಯಲ್ಲಿ ಸುರಿದು ಬಂದೆ. ಮರುದಿನ ಮತ್ತೆ ಅಷ್ಟೇ ಹುಳ. ಮತ್ತೆ ಮಡಕೆ, ಮತ್ತೆ ಏರಿ.

ಹಿತ್ತಲ ಮೋಟುಗೋಡೆಯ ಆಚೆ ಒಬ್ಬ ಹಿರಿಯ ಮುಸಲ್ಮಾನ್ ಹೆಂಗಸು ಇದ್ದರು. ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಬೂಬಮ್ಮ ಎಂದೇ ಕರೆಯುತ್ತಿದ್ದೆ. ಮಗ ಹೊಗೆಸೊಪ್ಪಿನ ವ್ಯಾಪಾರಿ, ಊರಲ್ಲಿರುವುದಕ್ಕಿಂತ ಹೊರಗಿರುವುದೇ ಹೆಚ್ಚು. ಮನೆಯಲ್ಲಿ ಅವರು, ತುಂಬು ಬಸುರಿ ಸೊಸೆ, ಒಂದು ಹಿಂಡು ಕೋಳಿ, ಎರಡು ಮೇಕೆ. ಒಂದು ಬೆಳಿಗ್ಗೆ ನಾನು ಮಡಕೆ ಎತ್ತಿಕೊಳ್ಳುತ್ತಿದ್ದಾಗ ಗೋಡೆಯ ಮೇಲೆ ಅವರ ಮುಖ ಕಂಡಿತು.

"ಬೇಟಿ, ಆ ಮಡಕೇಲಿ ಏನಿದೆ, ನಿಜ ಹೇಳು."

"ಹುಳ, ಬೂಬಮ್ಮ. ಕೋಸಿನ ಹುಳ. ಏರಿ ಮ್ಯಾಲೆ ಬಿಟ್ಟು ಬರ್ತೀನಿ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಬೀದೀಲಿ ಏನ್ ಮಾತಾಡ್ತಾರೆ ಗೊತ್ತಾ ನಿನಗೆ? ನರ್ಸಮ್ಮ ದಿನಾ ಮಡಕೇಲಿ ಮಾಸು ಹೊತ್ಕೊಂಡು ಹೋಗಿ ಹೂಳ್ತಾಳೆ, ಯಾರ ಮನೇದೋ ಏನೋ, ಅಂತ."

ನನಗೆ ನಗು ಬರಲಿಲ್ಲ. ಒಂದೇ ಒಂದು ಹೆರಿಗೆಗೂ ಕರೆಯದ ಊರು, ನಾನು ಯಾರದೋ ಹೆರಿಗೆಯ ಮಾಸು ಹೂಳುತ್ತಿದ್ದೇನೆ ಎಂದು ಮಾತಾಡಿಕೊಳ್ಳುತ್ತಿತ್ತು. ಮಡಕೆಯನ್ನು ಅಲ್ಲೇ ಇಟ್ಟು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

"ಹುಳಾನ ಮೆರವಣಿಗೆ ಮಾಡಿಸಿದರೆ ಹಿಂಗೇ ಆಗೋದು," ಎಂದರು ಬೂಬಮ್ಮ. "ಬೂದಿ ಹಾಕು. ಅದಕ್ಕೂ ಬಗ್ಗದಿದ್ರೆ ಹೊಗೆಸೊಪ್ಪಿನ ಕಡ್ಡಿ ಕೊಡ್ತೀನಿ, ನೆನೆಹಾಕಿ ಹೊಡಿ."

ಬೂದಿ ಮೊದಲಾಯಿತು. ತೆಳು ಬಟ್ಟೆಯಲ್ಲಿ ಕಟ್ಟಿ, ಇಬ್ಬನಿ ಆರುವ ಮುಂಚೆ ಗಿಡದ ಮೇಲೆ ಅಲ್ಲಾಡಿಸಿದೆ. ಮೇಲಿನ ಎಲೆಯೆಲ್ಲ ವಿಭೂತಿ ಬಳಿದಂತಾಯಿತು. ಹುಳಗಳು ಎಲೆಯ ಕೆಳಗೆ ತಮ್ಮ ಪಾಡಿಗೆ ತಾವು ಮೇಯುತ್ತಿದ್ದವು. ಆಮೇಲೆ ಹೊಗೆಸೊಪ್ಪಿನ ಕಡ್ಡಿ. ನೆನೆಸಿ, ಕುದಿಸಿ, ಸೋಸಿದೆ. ಮನೆಯೆಲ್ಲ ಆ ಘಾಟು. ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಅದಕ್ಕೆ ಅಂಟಲಿ ಎಂದು ಬಟ್ಟೆ ಸೋಪನ್ನು ಹೆರೆದು ಕಲಸಿದೆ. ಪೊರಕೆಯ ತುದಿಯಲ್ಲಿ ಅದ್ದಿ, ಎಲೆ ಮಗುಚಿ ಮಗುಚಿ ಚಿಮುಕಿಸಿದೆ. ಹುಳಗಳು ಸುರುಳಿ ಸುತ್ತಿಕೊಂಡು ಉದುರಿದವು.

ಮರುದಿನ ಪೂಜೆಗೆ ಕೂತಾಗ ಅವ್ವನ ಮಾತು ನೆನಪಾಗುತ್ತದೆ, ಕೈ ನಡುಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಲಿಂಗ ಅಂಗೈಯಲ್ಲಿ ಎಂದಿನಂತೆ ತಣ್ಣಗಿತ್ತು, ನನ್ನ ಮನಸ್ಸು ಆಗಲೇ ಹಿತ್ತಲಿಗೆ ಹೋಗಿತ್ತು, ಎಷ್ಟು ಹುಳ ಸತ್ತಿರಬಹುದು ಎಂದು. ಏನೂ ಅನ್ನಿಸಲಿಲ್ಲವಲ್ಲ ಎನ್ನುವುದೇ ದಿನವಿಡೀ ಕೊರೆಯಿತು.

ಎರಡನೆಯ ಸಲ ಸೋಪು ಹೆಚ್ಚು ಹಾಕಿದೆ. ಹೆಚ್ಚು ಹಾಕಿದರೆ ಬೇಗ ಮುಗಿಯುತ್ತದೆ ಎಂಬ ಆತುರ. ಬಿಸಿಲೇರಿದ ಮೇಲೆ ನೋಡಿದರೆ ಎಲೆಯಂಚೆಲ್ಲ ಸುಟ್ಟ ಹಪ್ಪಳದಂತೆ ಮುರುಟಿತ್ತು. ಅದನ್ನು ಕಂಡು ಬೂಬಮ್ಮ ಮರುಕದಿಂದ ತಮ್ಮ ಕೋಳಿಗಳನ್ನು ಗೋಡೆ ದಾಟಿಸಿ ಬಿಟ್ಟರು. "ನೋಡ್ತಿರು, ಒಂದು ಹುಳ ಉಳಿಸಲ್ಲ ಅವು." ಕೋಳಿಗಳು ನಿಜವಾಗಿಯೂ ಹುಳ ತಿಂದವು. ತಿಂದು ಮುಗಿಸಿ, ಪಾತಿಯನ್ನೆಲ್ಲ ಕೆದಕಿ, ಆಗಷ್ಟೇ ಎದ್ದಿದ್ದ ಬದನೆ ಸಸಿಗಳನ್ನು ಬೇರು ಮೇಲಾಗಿ ಎಸೆದು, ಮಧ್ಯಾಹ್ನದ ಬಿಸಿಲಿಗೆ ಅದೇ ಮಣ್ಣಿನಲ್ಲಿ ಮೈ ಹೊರಳಿಸಿ ಮಲಗಿದವು. ಓಡಿಸಲು ಹೋದರೆ ಕೋಸಿನ ಮೇಲೇ ಹಾರಿದವು. ಬೂಬಮ್ಮ ಗೋಡೆಯಾಚೆಯಿಂದ ಅವುಗಳನ್ನು ಉರ್ದುವಿನಲ್ಲಿ ಬೈಯುತ್ತಿದ್ದರು. ನನ್ನನ್ನು ಮಾತ್ರ ನೋಡಲಿಲ್ಲ.

ಕೊನೆಗೆ ಉಳಿದದ್ದು ಕೈಯೊಂದೇ. ದಿನಾ ಬೆಳಿಗ್ಗೆ, ದಿನಾ ಸಂಜೆ ಎಲೆ ಮಗುಚುವುದು, ಹುಳ ಬಿಡಿಸುವುದು, ಸೋಪುನೀರಿನ ಬೋಗುಣಿಗೆ ಹಾಕುವುದು. ಅದಕ್ಕೆ ಜೊತೆಯಾಗಿ ಬಂದವಳು ಬೂಬಮ್ಮನ ಸೊಸೆ.

ಹದಿನೇಳು ಹದಿನೆಂಟರ ಹುಡುಗಿ, ಪಾವಗಡದ ಕಡೆಯವಳು. ತಾಯಿ ಇಲ್ಲದ್ದರಿಂದ ಚೊಚ್ಚಲ ಹೆರಿಗೆಗೂ ತವರಿಗೆ ಹೋಗಿರಲಿಲ್ಲ. ಗೋಷಾದ ಮನೆ, ಬೀದಿಗೆ ಕಾಲಿಡುವಂತಿರಲಿಲ್ಲ. ಗೋಡೆ ಕುಸಿದಿದ್ದ ಒಂದು ಸಂದಿನಿಂದ ನನ್ನ ಹಿತ್ತಲಿಗೆ ಬರುತ್ತಿದ್ದಳು. ನನ್ನನ್ನು ಆಪಾ ಎನ್ನುತ್ತಿದ್ದಳು, ಅಕ್ಕ ಎಂದು ಅರ್ಥ. ಅವಳಿಗೂ ಮನೆಯೊಳಗೆ ಕೂರಲಾಗುತ್ತಿರಲಿಲ್ಲ.

"ಒಳಗೆ ಕೂತ್ರೆ ಉಸಿರು ಕಟ್ತದೆ ಆಪಾ. ಅಮ್ಮೀ ಮಲಕ್ಕೋ ಅಂತಾರೆ. ಮಲಗಿದ್ರೆ ಇದು ಒದೀತದೆ," ಎಂದು ಹೊಟ್ಟೆ ತೋರಿಸಿದಳು.

ಒಂದು ಮಣೆ ಹಾಕಿ ಕೂರಿಸಿದೆ. ಅವಳ ಕೈ ನನ್ನ ಕೈಗಿಂತ ಚುರುಕು. ಹುಳ ನೂಲು ಬಿಟ್ಟು ಜಾರುವುದರೊಳಗೆ ಉಗುರಿನ ತುದಿಯಲ್ಲಿ ಹಿಡಿಯುತ್ತಿದ್ದಳು. ಹಿಡಿಯುತ್ತಾ ಏನೇನೋ ಮಾತು. ಅವಳ ಊರಿನ ಕಡಲೆಕಾಯಿ ಹೊಲಕ್ಕೆ ಬೀಳುವ ಕಂಬಳಿಹುಳದ ವಿಷಯ ಹೇಳಿದಳು. ಹೊಲ ಮುಗಿಸಿ ಊರೊಳಕ್ಕೇ ಸಾಲುಗಟ್ಟಿ ಬರುತ್ತವಂತೆ, ಜನ ಹೊಲದ ಸುತ್ತ ಕಾಲುವೆ ತೋಡಿ ತಡೆಯುತ್ತಾರಂತೆ. "ಇವು ಪಾಪದವು ಆಪಾ. ಅವನ್ನ ನೀವು ನೋಡ್ಬೇಕು." ಎರಡು ಕಡೆಯ ಕೈ ಸೇರಿ ಕೋಸು ಚೇತರಿಸಿಕೊಂಡಿತು. ನಡುವಿನ ಎಲೆಗಳು ಒಂದರ ಮೇಲೊಂದು ಮಡಚಿಕೊಂಡು ಗೆಡ್ಡೆ ಕಟ್ಟತೊಡಗಿದವು. ಅವಳು ಬಂದಾಗ ನಾನೂ ಬಾಗಿಲ ಕಡೆ ಕಿವಿ ಕೊಡುವುದನ್ನು ಮರೆಯುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ತಡವಾಗಿ ಬಂದಳು. ತಲೆನೋವು ಎಂದಳು, ಹಣೆಯ ಮೇಲೆ ಕಲ್ಲಿಟ್ಟ ಹಾಗೆ. ಆದರೂ ಮಣೆಯ ಮೇಲೆ ಕೂತಳು. ನಾನು ಪಕ್ಕದ ಸಾಲಿನಲ್ಲಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅವಳು ಮಾತಾಡುವುದನ್ನು ನಿಲ್ಲಿಸಿದ್ದು ಗಮನಕ್ಕೆ ಬಂತು. ತಿರುಗಿ ನೋಡಿದರೆ ಒಂದು ಎಲೆಯನ್ನು ಮಗುಚಿ ಹಿಡಿದು ಚಿವುಟುತ್ತಿದ್ದಾಳೆ, ಮತ್ತೆ ಚಿವುಟುತ್ತಿದ್ದಾಳೆ, ಬೆರಳು ಬರಿದಾಗಿ ಬರುತ್ತಿದೆ.

"ಸಿಗ್ತಾನೇ ಇಲ್ಲ ಆಪಾ, ಇವತ್ತಿನವು ಬಲು ಜೋರು. ನೋಡಿ, ಎಷ್ಟೊಂದು. ಹೊಳೀತಾವೆ."

ಹತ್ತಿರ ಹೋಗಿ ನೋಡಿದೆ. ಎಲೆ ಶುಭ್ರವಾಗಿತ್ತು. ಒಂದು ಹುಳವೂ ಇರಲಿಲ್ಲ.

"ಎಲ್ಲಿ, ಇನ್ನೊಂದ್ಸಲ ತೋರ್ಸು," ಎಂದೆ.

ಅವಳು ಬೆರಳಿಟ್ಟಳು. ಆ ಜಾಗದಲ್ಲೂ ಏನಿಲ್ಲ. ಆಗ ಕಂಡದ್ದು ಬೆರಳು. ಹಿಂದಿನ ವಾರದವರೆಗೂ ಕಡ್ಡಿಯ ಹಾಗಿದ್ದ ಬೆರಳು ಊದಿ, ಉಂಗುರ ಮಾಂಸದೊಳಗೆ ಹೂತಿತ್ತು. ರೆಪ್ಪೆ ದಪ್ಪಗಾಗಿತ್ತು. ಕಾಲ ಮೇಲೆ ಹೆಬ್ಬೆರಳೊತ್ತಿದೆ. ಒತ್ತಿದ ಗುಳಿ ಹಾಗೆಯೇ ಉಳಿಯಿತು. ಬೆಂಗಳೂರಿನ ಹೆರಿಗೆ ವಾರ್ಡಿನಲ್ಲಿ ಕಣ್ಣ ಮುಂದೆ ಕಿಡಿ ಹಾರುತ್ತಿದೆ ಎಂದ ಒಬ್ಬಳನ್ನು ನೋಡಿದ್ದೆ. ಅದಾದ ಮೇಲೆ ಅವಳಿಗೆ ಫಿಟ್ಸ್ ಬಂದಿತ್ತು. ಅವಳು ಉಳಿಯಲಿಲ್ಲ.

ಹುಡುಗಿಗೆ ಏನೂ ಹೇಳದೆ ಕೈ ಹಿಡಿದು ಅವಳ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿದೆ. ಬೂಬಮ್ಮ ಅಕ್ಕಿ ಆರಿಸುತ್ತಿದ್ದರು. ವಿಷಯ ಹೇಳಿದೆ. ಅವರ ಮುಖ ಬಿಗಿಯಿತು.

"ಬಸುರೀಲಿ ಕೈಕಾಲು ಊದ್ದೇ ಇರ್ತಾವಾ? ನಮ್ಮ ದಾಯಿ ಇದ್ದಾಳೆ. ನನ್ನ ಮಕ್ಕಳನ್ನೆಲ್ಲ ಅವಳೇ ಹೆರಿಸಿದ್ದು. ಹುಳ ಆಯೋಕೆ ಕಳಿಸಿದೆ ಅಂತ ನೀನು ನನ್ನ ಸೊಸೇನ ಆಸ್ಪತ್ರೆಗೆ ಎಳ್ಕೊಂಡು ಹೋಗಬ್ಯಾಡ. ಗಂಡಸು ಡಾಕ್ಟರು. ಮಗ ಊರಲ್ಲಿಲ್ಲ. ನಾಳೆ ನನ್ನ ಕೇಳೋರು ಯಾರು?"

"ಆಸ್ಪತ್ರೆಗೆ ಬ್ಯಾಡ ಬೂಬಮ್ಮ. ಅವಳ ಮೂತ್ರ ಒಂದು ಬಾಟ್ಲೀಲಿ ಕೊಡಿ. ನಿಮ್ಮ ಎದುರಿಗೇ ನೋಡ್ತೀನಿ. ಏನೂ ಇಲ್ದಿದ್ರೆ ನಾನು ಮತ್ತೆ ಬಾಯಿ ಬಿಡಲ್ಲ."

ಅವರು ಗೊಣಗುತ್ತಲೇ ಎದ್ದು ಬಾಟಲಿ ಹುಡುಕತೊಡಗಿದರು. ನಾನು ಓಡಿಹೋಗಿ ಕೈಪೆಟ್ಟಿಗೆ ತಂದೆ. ಅಷ್ಟು ತಿಂಗಳು ಜೋಡಿಸಿಟ್ಟಿದ್ದ ಪೆಟ್ಟಿಗೆ. ಅವರ ಅಡುಗೆಮನೆಯಲ್ಲೇ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ನಳಿಗೆಯಲ್ಲಿ ಮೂತ್ರವನ್ನು ಕಾಯಿಸಿದೆ. ಬೂಬಮ್ಮ ಬಾಗಿಲಿಗೊರಗಿ ನಿಂತಿದ್ದರು. ಕುದಿ ಬರುತ್ತಿದ್ದಂತೆ ನಳಿಗೆಯ ಮೇಲ್ಭಾಗ ಬೆಳ್ಳಗೆ ಒಡೆಯಿತು. ಹುಳಿ ಔಷಧದ ಹನಿ ಹಾಕಿದರೂ ಆ ಬಿಳುಪು ಕರಗಲಿಲ್ಲ, ಇನ್ನೂ ಗಟ್ಟಿಯಾಯಿತು.

"ಮೊಟ್ಟೆ ಬೆಂದಂಗೆ ಇದೆ," ಎಂದರು ಬೂಬಮ್ಮ ಮೆಲ್ಲಗೆ.

"ಹೂಂ. ಹಿಂಗಾಗಬಾರದು."

ಅವರು ಒಳಗೆ ಹೋಗಿ ಸೊಸೆಯ ಪಕ್ಕ ಕೂತು ಅವಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. ಉಂಗುರವನ್ನು ತೆಗೆಯಲು ನೋಡಿದರು, ಬರಲಿಲ್ಲ. ಆ ಕೈ ಬಿಡದೆಯೇ, "ಏನ್ ಮಾಡ್ಬೇಕು ಹೇಳು ಬೇಟಿ," ಎಂದರು.

ಡಾಕ್ಟರು ಬಂದು ಪರದೆಯ ಆಚೆ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಔಷಧ ಕೊಟ್ಟರು. ಕೋಣೆ ಕತ್ತಲಾಗಿರಬೇಕು, ಸದ್ದಿರಬಾರದು, ಉಪ್ಪು ಬೇಡ, ಹಾಲು ಮತ್ತು ಗಂಜಿ ಮಾತ್ರ, ಒಬ್ಬರು ಸದಾ ಪಕ್ಕದಲ್ಲಿರಬೇಕು ಎಂದರು. ಕಿಟಕಿಗೆ ಗೋಣಿತಾಟು ಹೊದಿಸಿದೆವು. ಕೋಳಿಗಳನ್ನು ಬೂಬಮ್ಮ ಬುಟ್ಟಿಯಲ್ಲಿ ತುಂಬಿ ಪಕ್ಕದ ಬೀದಿಯ ನೆಂಟರ ಮನೆಗೆ ಕಳಿಸಿದರು. ಪಕ್ಕದಲ್ಲಿರುವ ಆ ಒಬ್ಬಳು ನಾನೇ.

ನನ್ನ ಆಯುಷ್ಯದಲ್ಲಿ ಅಷ್ಟು ಕಷ್ಟದ ಕೆಲಸ ಮತ್ತೊಂದು ಮಾಡಿಲ್ಲ. ಕೆಲಸವೆಂದರೆ ಕೂರುವುದು. ಅವಳ ಉಸಿರು ನೋಡುವುದು, ನಾಡಿ ನೋಡುವುದು, ಮತ್ತೆ ಕೂರುವುದು. ಕಾಲು ತಾನಾಗಿ ಅಲ್ಲಾಡುತ್ತಿತ್ತು, ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದೆ. ಕತ್ತಲಲ್ಲಿ ನನ್ನ ಕಣ್ಣ ಮುಂದೆಯೂ ಹುಳ ಹರಿದಾಡಿದ ಹಾಗಾಗುತ್ತಿತ್ತು. ಎಷ್ಟು ಹಗಲು ಹಾಗೆ ಕಳೆದವೋ ಈಗ ಹೇಳಲಾರೆ. ಹಿತ್ತಲ ಕಡೆ ಒಮ್ಮೆಯೂ ಹೋಗಲಿಲ್ಲ. ಒಂದು ಸಲ ಹುಡುಗಿಯೇ ಕೇಳಿದಳು.

"ಆಪಾ, ಕೋಸು ಯಾರು ನೋಡ್ಕೋತಾರೆ?"

"ಅವೇ ನೋಡ್ಕೋತವೆ. ನೀನು ಮಾತಾಡಬ್ಯಾಡ."

ನೋವು ಒಂದು ಮುಂಜಾನೆ ಶುರುವಾಯಿತು. ಬೂಬಮ್ಮ ತಮ್ಮ ದಾಯಿಯನ್ನೂ ಕರೆಸಿದರು. ನಾನು ಬೇಡವೆನ್ನಲಿಲ್ಲ. ಆ ಮುದುಕಿ ಹುಡುಗಿಯ ಬೆನ್ನ ಹಿಂದೆ ಕೂತು ಅವಳನ್ನು ತನ್ನ ಎದೆಗೆ ಒರಗಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನಾನು ಹೆದರಿದ್ದು ಬಂದೇಬಿಟ್ಟಿತು. ಹುಡುಗಿಯ ಕಣ್ಣು ಮೇಲೆ ಸಿಕ್ಕಿಕೊಂಡಿತು, ದವಡೆ ಬಿಗಿಯಿತು, ಮೈಯೆಲ್ಲ ಸೆಟೆದು ಅದುರಿತು. ಬಟ್ಟೆ ಸುತ್ತಿ ಇಟ್ಟಿದ್ದ ಚಮಚವನ್ನು ಹಲ್ಲಿನ ನಡುವೆ ಸಿಕ್ಕಿಸಿ, ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೆ. ದಾಯಿ ಅವಳ ಭುಜ ಬಿಡಲಿಲ್ಲ. ಬೂಬಮ್ಮ ಗೋಡೆಗೆ ಮುಖ ಮಾಡಿ ದೇವರನ್ನು ಕರೆಯುತ್ತಿದ್ದರು. ಕರೆ ಕಳಿಸಿದ್ದಕ್ಕೆ ಬಂದಿದ್ದ ಡಾಕ್ಟರು ಪರದೆಯ ಆಚೆಯಿಂದ ಕೇಳಿದ್ದಕ್ಕೆ ನಾನು ಉತ್ತರ ಕೊಡುತ್ತಿದ್ದೆ.

ಅದು ನಿಂತಿತು. ಮತ್ತೆ ಬರಲಿಲ್ಲ. ಹೊತ್ತು ಇಳಿಯುವ ಮುಂಚೆ ಹೆಣ್ಣುಮಗು ಹುಟ್ಟಿತು, ತೀರಾ ಸಣ್ಣದು, ಬಣ್ಣ ನೀಲಿಗೆ ತಿರುಗಿತ್ತು, ಅಳಲಿಲ್ಲ. ಬಾಯಲ್ಲಿದ್ದುದನ್ನು ಬಟ್ಟೆಯಿಂದ ತೆಗೆದು, ಕಾಲು ಹಿಡಿದು ತಲೆಕೆಳಗು ಮಾಡಿ, ಬೆನ್ನು ಉಜ್ಜಿದೆ. ಉಜ್ಜುತ್ತಲೇ ಇದ್ದೆ. ಬೆಕ್ಕಿನ ಮರಿಯಂಥ ಒಂದು ಸದ್ದು ಬಂತು. ದಾಯಿ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಸೆರಗಿನಲ್ಲಿ ಸುತ್ತಿಕೊಂಡಳು. "ಬದುಕ್ತು ಕಣಮ್ಮ," ಎಂದಳು ನನ್ನ ಕಡೆ ನೋಡಿ. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದೇ.

ಹುಡುಗಿ ನಿಧಾನವಾಗಿ ಸುಧಾರಿಸಿದಳು. ಊತ ಇಳಿಯಿತು, ಕಣ್ಣು ತಿಳಿಯಾಯಿತು, ತಲೆನೋವು ಮಾತ್ರ ಬಹಳ ದಿನ ಕಾಡಿತು. ಮಗುವನ್ನು ಹತ್ತಿಯಲ್ಲಿ ಸುತ್ತಿ, ಬೆಚ್ಚಗಿನ ಮರಳಿನ ಚೀಲದ ಪಕ್ಕ ಮಲಗಿಸಿ ಬೆಳೆಸಿದೆವು. ತಂದೆ ಬಂದಾಗ ಅದನ್ನು ಎತ್ತಿಕೊಳ್ಳಲು ಹೆದರಿ ಬಾಗಿಲಲ್ಲೇ ನಿಂತ.

ನಾನು ಹಿತ್ತಲಿಗೆ ಹೋದದ್ದು ಇದೆಲ್ಲ ಆದ ಮೇಲೆ. ಕೋಸಿನ ಗಿಡಗಳಲ್ಲಿ ಎಲೆಯೇ ಇರಲಿಲ್ಲ. ನರ ಮಾತ್ರ ನಿಂತಿದ್ದವು, ಬಟ್ಟೆ ಹೋದ ಕೊಡೆಯ ಕಡ್ಡಿಗಳಂತೆ. ಗೆಡ್ಡೆಗಳೊಳಕ್ಕೆ ಹುಳ ಕೊರೆದು ಹೋಗಿ, ಕೊಳೆತ ವಾಸನೆ ಬರುತ್ತಿತ್ತು. ಒಂದನ್ನು ಸೀಳಿ ನೋಡಿದೆ, ಎಲ್ಲಿಯೂ ತಿನ್ನುವಂಥದ್ದು ಉಳಿದಿರಲಿಲ್ಲ. ಎಲ್ಲವನ್ನೂ ಕಿತ್ತು, ಬೂಬಮ್ಮನ ಮೇಕೆಗಳು ಮೂಸಿ ಬಿಟ್ಟ ಮೇಲೆ, ಗುಡ್ಡೆ ಹಾಕಿ ಸುಟ್ಟೆ. ಅಷ್ಟು ದಿನದ ದುಡಿಮೆ ಹೋಯಿತೆಂದು ದುಃಖವಾಗಬೇಕಿತ್ತು. ಆಗಲಿಲ್ಲ. ಮಣ್ಣನ್ನು ಕೆದಕಿ ಬಿಸಿಲಿಗೆ ಬಿಟ್ಟೆ. ಮುಂದಿನ ಬೆಳೆಗೆ ಅವರೆ ಹಾಕೋಣ, ಅದಕ್ಕೆ ಬೀಳುವ ಹುಳವೇ ಬೇರೆ ಎಂದುಕೊಂಡೆ.

ಅವರೆ ಹಾಕುವುದಕ್ಕೆ ಹೊತ್ತು ಸಿಗಲಿಲ್ಲ. ಕೆಲವು ದಿನಗಳಲ್ಲೇ ಕೆರೆಯಾಚೆಯ ಒಂದು ಹಳ್ಳಿಯಿಂದ ಬೆಳಿಗ್ಗೆ ಗಾಡಿ ಬಂತು. ಕಳಿಸಿದ್ದು ಆ ದಾಯಿ. ಕೂಸು ಅಡ್ಡ ತಿರುಗಿದೆ, ನರ್ಸಮ್ಮನನ್ನು ಕರೆತನ್ನಿ ಎಂದಿದ್ದಳಂತೆ. ಕರೆ ಬರಲೆಂದು ಅಷ್ಟು ಕಾಲ ಚಡಪಡಿಸಿದವಳಿಗೆ ಕರೆ ಬಂದೊಡನೆ ಕೈಕಾಲಲ್ಲಿ ಬೇರೊಂದು ಬಗೆಯ ಚಡಪಡಿಕೆ ಹುಟ್ಟಿತು, ಅದು ಕೊನೆಯವರೆಗೂ ನನ್ನನ್ನು ಬಿಡಲಿಲ್ಲ. ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂತೆ. ಎತ್ತುಗಳು ತಮ್ಮ ನಡಿಗೆಯಲ್ಲೇ ನಡೆಯುತ್ತಿದ್ದವು.

"ಸ್ವಲ್ಪ ಬಿರ್ರನೆ ಹೊಡಿಯಪ್ಪ," ಎಂದೆ.

"ಹೊಡೀತಿವ್ನಿ ಕಣಮ್ಮ," ಎಂದ ಗಾಡಿಯವನು. "ದಾರಿ ಕೆಟ್ಟೋಗದೆ. ನೀವು ಗಟ್ಟಿಯಾಗಿ ಹಿಡ್ಕಂಡು ಕೂತ್ಕಳಿ."